“ನಮ್ ಹುಡುಗ ಮುಂದ ಏನಾಗ್ತಾನ್ರಿ ಸರ್?” ಮಕ್ಕಳ ಭವಿಷ್ಯ ಲೆಕ್ಕ ಹಾಕುವ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನು ಬರೆದವರು ಯಾರು? ಯಾಕೆ ಬರೆದಿರಿ?

ನಾನು ರಾಯಚೂರು ಜಿಲ್ಲೆ ಸಿಂಧನೂರು ಕಡೆಯ ಒಂದು ಹೈಸ್ಕೂಲಲ್ಲಿ ಗಣಿತ ಮಾಸ್ತರ. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಇರಲಿ, ಪಾಲಕರ ಸಭೆ ಇರಲಿ, ಬಸ್‌ಸ್ಟ್ಯಾಂಡಲ್ಲಿ ಮಂಡಾಳು ಮಿರ್ಚಿ ತಿನ್ನುತ್ತಾ ನಿಂತಿರಲಿ, ಯಾರಾದರೂ ಒಬ್ಬರು ಬಂದು ಮೇಲಿನ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೊದಲೆಲ್ಲ “ಚಲೋ ಆಗ್ತಾನ ಬಿಡ್ರಿ” ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ಆಮೇಲೆ ಈ ವಿಷಯದ ಬಗ್ಗೆ ನಿಜವಾಗಿಯೂ ಏನೇನು ಸಂಶೋಧನೆ ಆಗಿದೆ ಅಂತ ಓದಲು ಶುರು ಮಾಡಿದೆ. ಓದಿದ್ದನ್ನು ಒಂದು ಕಡೆ ಬರೆದಿಟ್ಟರೆ ನನಗೂ ಅನುಕೂಲ, ನಿಮಗೂ ಅನುಕೂಲ.

ಸುತ್ತಿ ಬಳಸಿ ಹೇಳಬೇಡಿ. ಒಂದು ಮಗು ಮುಂದೆ ಏನಾಗುತ್ತೆ ಅಂತ ವಿಜ್ಞಾನಕ್ಕೆ ಹೇಳೋಕೆ ಆಗುತ್ತಾ?

ಆಗಲ್ಲ. ನಿಮ್ಮ ಮಗು ಅಂತ ಬೊಟ್ಟು ಮಾಡಿ ಹೇಳೋಕೆ ಆಗಲ್ಲ.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ದೊಡ್ಡ ನಗರಗಳಲ್ಲಿ 2000ನೇ ಇಸವಿ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳ ಬೆನ್ನು ಹತ್ತಿ ಒಂದು ಅಧ್ಯಯನ ನಡೆಯಿತು. ಹುಟ್ಟಿದಾಗಿನಿಂದ 9 ವರ್ಷದವರೆಗೆ ತಾಯಿ, ತಂದೆ, ಟೀಚರ್ ಎಲ್ಲರನ್ನೂ ಕೇಳಿ ಮಾಹಿತಿ ಕಲೆಹಾಕಿದ್ದರು. ಒಟ್ಟು 4,242 ಕುಟುಂಬ, ಒಂದೊಂದು ಕುಟುಂಬದ ಬಗ್ಗೆ 12,942 ಬಗೆಯ ವಿವರ. ಇಷ್ಟು ವಿವರ ಹೆತ್ತ ತಾಯಿಗೂ ನೆನಪಿರಲ್ಲ. ಮ್ಯಾಥ್ಯೂ ಸಾಲ್ಗಾನಿಕ್ ಮತ್ತು ಜೊತೆಗಾರರು ಇದನ್ನೆಲ್ಲ 160 ಸಂಶೋಧಕ ತಂಡಗಳ ಕೈಗಿಟ್ಟು, ‘ಈ ಮಕ್ಕಳಿಗೆ 15 ವರ್ಷ ಆದಾಗ ಮಾರ್ಕ್ಸ್ ಎಷ್ಟು, ಮನೆಯ ಕಷ್ಟ ಎಷ್ಟು, ಹೇಳಿ ನೋಡೋಣ’ ಅಂದರು. ಉತ್ತರ ಮೊದಲೇ ಗೊತ್ತಿತ್ತು, ಆದರೆ ಮುಚ್ಚಿಟ್ಟಿದ್ದರು.

2020ರಲ್ಲಿ ಫಲಿತಾಂಶ ಹೊರಬಂತು. ಒಂದು ತಂಡವೂ ಚೆನ್ನಾಗಿ ಹೇಳಿರಲಿಲ್ಲ. ಮಕ್ಕಳ ಮಾರ್ಕ್ಸಲ್ಲಿ ಇರುವ ಏರುಪೇರನ್ನು ಒಂದು ರೂಪಾಯಿ ಅಂತ ಇಟ್ಟುಕೊಂಡರೆ, ಎಲ್ಲರಿಗಿಂತ ಒಳ್ಳೆ ಲೆಕ್ಕಕ್ಕೂ ಸಿಕ್ಕಿದ್ದು ಸುಮಾರು ಇಪ್ಪತ್ತು ಪೈಸೆಯಷ್ಟು. ಉಳಿದ ಎಂಬತ್ತು ಪೈಸೆ ಎಲ್ಲಿಂದ ಬಂತೋ ತಿಳಿಯಲಿಲ್ಲ. ನನಗೆ ನಗು ಬಂದಿದ್ದು ಇನ್ನೊಂದಕ್ಕೆ. ಬರೀ ನಾಲ್ಕು ಸಂಗತಿ ಹಿಡಿದು ಮಾಡಿದ ಹಳೇ ಕಾಲದ ಸರಳ ಸೂತ್ರಕ್ಕೂ ಈ ದೊಡ್ಡ ದೊಡ್ಡ ಕಂಪ್ಯೂಟರ್ ಲೆಕ್ಕಗಳಿಗೂ ಹೆಚ್ಚು ಕಡಿಮೆ ಇದ್ದಿದ್ದು ಒಂದಿಷ್ಟೇ.

ಹಾಗಾದ್ರೆ ಇಷ್ಟೆಲ್ಲ ಸಂಶೋಧನೆ ಮಾಡಿ ಏನು ಬಂತು? ಮೈಲಾರದ ಕಾರ್ಣಿಕಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಾರ್ಣಿಕದಲ್ಲಿ ಗೊರವಯ್ಯ ಬಿಲ್ಲು ಏರಿ ಒಂದೇ ಮಾತು ನುಡಿಯುತ್ತಾರೆ. ಅದರ ಅರ್ಥ ಮಳೆಗೂ ಹೊಂದುತ್ತೆ, ರಾಜಕಾರಣಕ್ಕೂ ಹೊಂದುತ್ತೆ. ಅದು ನಂಬಿಕೆ, ಅದರ ಜಾಗದಲ್ಲಿ ಅದಿರಲಿ. ಸಂಶೋಧನೆ ಹೇಳಿದ ಮಾತು ಸುಳ್ಳಾಯಿತಾ ನಿಜವಾಯಿತಾ ಅಂತ ಎಣಿಸಿ ನೋಡಬಹುದು. ಮೇಲೆ ಹೇಳಿದ ತಂಡಗಳು ಸೋತಿದ್ದು ಗೊತ್ತಾಗಿದ್ದೂ ಹಾಗೇ.

ಇನ್ನೊಂದು ಮಾತು. ಒಬ್ಬರ ಬಗ್ಗೆ ಹೇಳಲಾಗದ್ದನ್ನು ಸಾವಿರ ಜನರ ಬಗ್ಗೆ ಹೇಳಬಹುದು. ನ್ಯೂಜಿಲೆಂಡಿನ ಡ್ಯುನೆಡಿನ್ ಊರಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಸಣ್ಣವರಿದ್ದಾಗ ತಮ್ಮನ್ನು ತಾವು ತಡೆದುಕೊಳ್ಳಬಲ್ಲ ಮಕ್ಕಳು 32 ವರ್ಷದವರಾದಾಗ ಸರಾಸರಿಯಲ್ಲಿ ಹೆಚ್ಚು ಆರೋಗ್ಯವಾಗಿದ್ದರು, ಕೈಯಲ್ಲಿ ಒಂದಿಷ್ಟು ದುಡ್ಡೂ ಉಳಿಸಿಕೊಂಡಿದ್ದರು. ಸರಾಸರಿ ಅನ್ನೋದೇ ಇಲ್ಲಿ ಮುಖ್ಯ. ಕಾಲುವೆ ಕೊನೆ ಭಾಗದ ಹೊಲಗಳಿಗೆ ನೀರು ತಲುಪೋದು ಕಷ್ಟ ಅಂತ ನಮಗೆಲ್ಲ ಗೊತ್ತು. ಅದರಲ್ಲೂ ಯಾವ ವರ್ಷ ಯಾರ ಹೊಲದಲ್ಲಿ ಎಷ್ಟು ಚೀಲ ಭತ್ತ ಆಗುತ್ತೆ ಅಂತ ಹೇಳೋಕಾಗುತ್ತಾ? ಇಲ್ಲ ಅಲ್ವಾ. ಆದರೂ ಕಾಲುವೆ ರಿಪೇರಿ ಎಲ್ಲಿ ಮಾಡಬೇಕು ಅನ್ನೋದು ಗೊತ್ತಾಗುತ್ತೆ.

ಬೆರಳಚ್ಚು ತೆಗೆದು ಮಗುವಿನ ಬುದ್ಧಿ, ಮುಂದಿನ ಕೋರ್ಸ್ ಎಲ್ಲಾ ಹೇಳ್ತಾರಂತೆ. ಮಾಡಿಸಲಾ?

ಬೇಡ. ಆ ದುಡ್ಡಲ್ಲಿ ಒಂದು ಸೈಕಲ್ಲಿಗೆ ಮುಂಗಡ ಕೊಡಿ.

ಇದಕ್ಕೆ ಡಿಎಂಐಟಿ ಅಂತಾರೆ. ಹತ್ತೂ ಬೆರಳಿನ ಗೆರೆ ಸ್ಕ್ಯಾನ್ ಮಾಡಿ, ಮೆದುಳಿನ ಯಾವ ಭಾಗ ಚುರುಕು ಅಂತ ಬಣ್ಣದ ಪಟ್ಟಿ ಹಾಕಿ ಕೊಡ್ತಾರೆ. ಬೆರಳ ಗೆರೆ ತಾಯಿ ಹೊಟ್ಟೆಯಲ್ಲೇ ಮೂಡುತ್ತೆ ಅನ್ನೋದು ನಿಜ. ಅದನ್ನು ನೋಡಿ ಮಗು ಎಂಜಿನಿಯರ್ ಆಗುತ್ತೋ ಅಕೌಂಟೆಂಟ್ ಆಗುತ್ತೋ ಅಂತ ಹೇಳಬಹುದು ಅನ್ನೋದಕ್ಕೆ ಆಧಾರವೇ ಇಲ್ಲ. ಭಾರತೀಯ ಮನೋವೈದ್ಯರ ಸಂಘವೇ ಇದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ ಅಂತ 2019ರಲ್ಲಿ ಹೇಳಿದೆ.

ನಮ್ಮ ಅಣ್ಣನ ಮಗಳಿಗೆ ಆರು ವರ್ಷ ಇದ್ದಾಗ ಅತ್ತಿಗೆ ಹಟ ಹಿಡಿದು ಇದನ್ನು ಮಾಡಿಸಿದರು. ಹುಡುಗಿ ಹಿಂದಿನ ದಿನ ಅಂಗಳದಲ್ಲಿ ಬಿದ್ದು ಹೆಬ್ಬೆರಳು ಕೆತ್ತಿಸಿಕೊಂಡಿದ್ದಳು. ಯಂತ್ರ ಮೂರು ಸಲ ಬೇಡ ಅಂತು. ಕೊನೆಗೆ ಸ್ಕ್ಯಾನ್ ಮಾಡುತ್ತಿದ್ದ ಹುಡುಗ “ಇರ್ಲಿ ಬಿಡ್ರಿ ಅಕ್ಕಾ, ಒಂಬತ್ತು ಸಾಕು” ಅಂದ. ವಾರ ಬಿಟ್ಟು ದಪ್ಪ ಹಾಳೆಯ, ಸುರುಳಿ ಹಾಕಿದ ರಿಪೋರ್ಟ್ ಬಂತು. ನಮ್ಮ ಹುಡುಗಿ ಒಳಗೊಳಗೇ ಯೋಚಿಸುವ ಸ್ವಭಾವದವಳಂತೆ, ಕಾಮರ್ಸ್ ಆಗಿಬರುತ್ತಂತೆ. ಹದಿನಾಲ್ಕನೇ ಪುಟಕ್ಕೆ ಬಂದರೆ ಅಲ್ಲಿ ಇನ್ಯಾರೋ ಹುಡುಗನ ಹೆಸರು. ಅಳಿಸೋದು ಮರೆತಿದ್ದರು. ಅತ್ತಿಗೆ ಆ ರಿಪೋರ್ಟನ್ನು ಇನ್ನೂ ಅಲಮಾರಿಯಲ್ಲಿ ಇಟ್ಟಿದ್ದಾರೆ. ಬಿಲ್ಲು ಜೋರಾಗಿತ್ತಲ್ಲ, ಬಿಸಾಕೋಕೆ ಮನಸ್ಸು ಬಂದಿಲ್ಲ.

ಐಕ್ಯೂ ಟೆಸ್ಟ್ ಆದರೂ ನಂಬಬಹುದಾ?

ಅದು ಬೆರಳಚ್ಚಿನ ಥರ ಬೊಗಳೆ ಅಲ್ಲ. ಶಾಲೆಯ ಮಾರ್ಕ್ಸಿಗೂ ಐಕ್ಯೂಗೂ ಸಂಬಂಧ ಇದೆ ಅಂತ ನೂರು ವರ್ಷದಿಂದ ಮತ್ತೆ ಮತ್ತೆ ಕಂಡಿದೆ. ಆದರೆ ಅದು ಶುರುವಾದ ಕಥೆ ತಿಳಿದಿರಬೇಕು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡರ್ ಸಿಮೊನ್ ಇದನ್ನು ಮಾಡಿದ್ದು ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸೋಕೆ. ಬುದ್ಧಿ ಇಷ್ಟೇ, ಮುಂದೆ ಬೆಳೆಯಲ್ಲ ಅನ್ನುವ ಮಾತನ್ನು ಬಿನೆ ಒಪ್ಪಿರಲೇ ಇಲ್ಲ.

ಇದೇ ಟೆಸ್ಟ್ ಅಮೆರಿಕಕ್ಕೆ ಹೋದ ಮೇಲೆ ದಾರಿ ಬದಲಾಯಿತು. ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ 1921ರಲ್ಲಿ ಐಕ್ಯೂ ಬಹಳ ಜಾಸ್ತಿ ಇದ್ದ ಸುಮಾರು 1,500 ಮಕ್ಕಳನ್ನು ಆರಿಸಿ, ಜೀವನಪೂರ್ತಿ ಹಿಂಬಾಲಿಸುವ ಅಧ್ಯಯನ ಶುರು ಮಾಡಿದರು. ಆ ಮಕ್ಕಳು ಚೆನ್ನಾಗಿಯೇ ಬದುಕಿದರು, ಬಹಳಷ್ಟು ಮಂದಿ ಓದಿ ಒಳ್ಳೆ ಕೆಲಸ ಹಿಡಿದರು. ಒಬ್ಬರಿಗೂ ನೊಬೆಲ್ ಬರಲಿಲ್ಲ. ತಮಾಷೆ ಏನಂದರೆ, ಟೆಸ್ಟ್ ಮಾಡಿ ‘ಸಾಲದು’ ಅಂತ ಬಿಟ್ಟ ಮಕ್ಕಳಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ.

ಮಗು ಚಾಕಲೇಟ್ ಮುಂದೆ ಕಾದು ಕೂತರೆ ಮುಂದೆ ಉದ್ಧಾರ ಆಗುತ್ತಂತೆ, ಹೌದಾ?

ಇದು ವಾಟ್ಸಾಪಲ್ಲಿ ವರ್ಷಕ್ಕೆ ನಾಲ್ಕು ಸಲ ಬರುತ್ತೆ. ಮೂಲ ಪ್ರಯೋಗ ವಾಲ್ಟರ್ ಮಿಶೆಲ್ ಅವರದು, 1960ರ ದಶಕದ ಕೊನೆಗೆ ಶುರುವಾಗಿದ್ದು. ಮಗುವಿನ ಮುಂದೆ ಒಂದು ಸಿಹಿ ಇಟ್ಟು, ನಾನು ವಾಪಸ್ ಬರೋವರೆಗೆ ತಿನ್ನದೆ ಇದ್ದರೆ ಎರಡು ಕೊಡ್ತೀನಿ ಅಂತ ಹೇಳಿ ಹೊರಗೆ ಹೋಗೋದು. ಕಾದ ಮಕ್ಕಳು ದೊಡ್ಡವರಾದ ಮೇಲೆ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು ಅಂತ 1990ರಲ್ಲಿ ವರದಿ ಬಂತು. ಆದರೆ ಅವರೆಲ್ಲ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಶಿಶುವಿಹಾರದ ಮಕ್ಕಳು. ಸಂಖ್ಯೆಯೂ ಸಣ್ಣದು.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದರು. ಎಲ್ಲಾ ಥರದ ಮನೆಯ ಮಕ್ಕಳು. ಸಂಬಂಧ ಅರ್ಧಕ್ಕೆ ಇಳಿಯಿತು. ಮನೆಯ ಪರಿಸ್ಥಿತಿ, ತಾಯಿಯ ಓದು ಇವನ್ನೂ ಲೆಕ್ಕಕ್ಕೆ ತಗೊಂಡರೆ ಉಳಿದ ಅರ್ಧದಲ್ಲೂ ಮೂರರಲ್ಲಿ ಎರಡು ಪಾಲು ಹೋಯಿತು.

ಇದರಲ್ಲಿ ನನಗೆ ಆಶ್ಚರ್ಯ ಏನೂ ಇಲ್ಲ. ಮನೆಯಲ್ಲಿ ನಾಲ್ಕು ಮಕ್ಕಳಿದ್ದು, ಸಂತೆಯಿಂದ ಬಂದ ಒಂದು ಪೊಟ್ಟಣ ಖಾರಾ ಬಿಚ್ಚಿದಾಗ ‘ಆಮೇಲೆ ತಿಂತೀನಿ’ ಅಂತ ಕೂತವನಿಗೆ ಸಿಗೋದು ಕಾಗದ. ಅಲ್ಲಿ ತಕ್ಷಣ ಕೈ ಹಾಕೋದೇ ಜಾಣತನ.

ಛಲ ಇದ್ದರೆ ಸಾಕು ಅಂತ ಭಾಷಣಕಾರರು ಹೇಳ್ತಾರಲ್ಲ?

ಆಂಜೆಲಾ ಡಕ್‌ವರ್ತ್ 2007ರಲ್ಲಿ ಛಲವನ್ನು ಅಳೆಯುವ ಒಂದು ಅಳತೆ ತಂದರು. ಹತ್ತು ವರ್ಷ ಬಿಟ್ಟು ಮಾರ್ಕಸ್ ಕ್ರೆಡೆ ಮತ್ತಿತರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಅದು ‘ಶಿಸ್ತು, ಜವಾಬ್ದಾರಿ’ ಅಂತ ಮೊದಲಿನಿಂದ ಅಳೆಯುತ್ತಿದ್ದ ಗುಣಕ್ಕೇ ಹೊಸ ಹೆಸರು ಇಟ್ಟ ಹಾಗಿತ್ತು. ‘ಬುದ್ಧಿ ಬೆಳೆಸಬಹುದು’ ಅಂತ ಮಕ್ಕಳಿಗೆ ತಿಳಿಸಿಕೊಡುವ ಕ್ಯಾರಲ್ ಡ್ವೆಕ್ ಅವರ ವಿಧಾನಕ್ಕೆ ಅಮೆರಿಕದ 2019ರ ದೊಡ್ಡ ಪ್ರಯೋಗದಲ್ಲಿ ಫಲ ಸಿಕ್ಕಿತು, ಅದೂ ಹಿಂದುಳಿದ ಮಕ್ಕಳಲ್ಲಿ. ಆದರೆ ಬಹಳ ಸಣ್ಣ ಫಲ. ಖರ್ಚಿಲ್ಲದ ಕೆಲಸ, ಮಾಡಿದರೆ ನಷ್ಟ ಇಲ್ಲ. ಪವಾಡ ಮಾತ್ರ ಅಲ್ಲ.

ಎಲ್ಲಾ ವಂಶದಲ್ಲೇ ಇರುತ್ತೆ, ಜೀನ್ ನೋಡಿ ಹೇಳಬಹುದು ಅಂತಾರೆ?

2018ರಲ್ಲಿ 11 ಲಕ್ಷ ಜನರ ಜೀನ್ ನೋಡಿ, ಯಾರು ಎಷ್ಟು ವರ್ಷ ಓದಿದರು ಅನ್ನುವ ವ್ಯತ್ಯಾಸದಲ್ಲಿ ನೂರಕ್ಕೆ 11ರಿಂದ 13ರಷ್ಟನ್ನು ಜೀನ್ ಅಂಕದಿಂದ, ಅಂದರೆ ಬಹಳಷ್ಟು ಜೀನ್ ವ್ಯತ್ಯಾಸಗಳನ್ನು ಕೂಡಿಸಿ ಹಾಕಿದ ಅಂಕದಿಂದ, ಲೆಕ್ಕಕ್ಕೆ ತಂದರು. ಆ ಜನರೆಲ್ಲ ಯುರೋಪ್ ಮೂಲದವರು. ಬೇರೆ ಮೂಲದ ಜನರಿಗೆ ಅದೇ ಅಂಕ ಹಚ್ಚಿದರೆ ಲೆಕ್ಕ ಬಹಳ ಕೆಡುತ್ತೆ. ಲಿಂಗಸುಗೂರಿನ ಹುಡುಗಿಯ ಓದು ಎಲ್ಲಿಗೆ ನಿಲ್ಲುತ್ತೆ ಅಂತ ನನಗೆ ಹೇಳಬೇಕಾದರೆ ಜೀನ್ ಬೇಡ. ಮನೆಯಿಂದ ಹೈಸ್ಕೂಲ್ ಎಷ್ಟು ದೂರ, ಬಸ್ ಎಷ್ಟು ಗಂಟೆಗೆ, ಇವೆರಡು ಹೇಳಿ ಸಾಕು.

ನಮ್ಮ ಕಡೆಯ ಮಕ್ಕಳನ್ನು ಯಾರಾದರೂ ನೋಡಿದ್ದಾರಾ? ಬರೀ ಅಮೆರಿಕ ಆಯ್ತು.

ಒಳ್ಳೆ ಪ್ರಶ್ನೆ. ತೀರಾ ಹತ್ತಿರದಲ್ಲೇ ನೋಡಿದ್ದಾರೆ. ‘ಯಂಗ್ ಲೈವ್ಸ್’ ಅನ್ನುವ ಅಧ್ಯಯನ 2002ರಿಂದ ನಾಲ್ಕು ದೇಶಗಳ ಸುಮಾರು 12,000 ಮಕ್ಕಳನ್ನು ಹಿಂಬಾಲಿಸುತ್ತಿದೆ. ಭಾರತದ ಪಾಲಿನ ಸುಮಾರು 3,000 ಮಕ್ಕಳು ಆಗಿನ ಆಂಧ್ರಪ್ರದೇಶದವರು. ಅದರಲ್ಲಿ ಅನಂತಪುರ ಇದೆ, ಹಳೇ ಮಹಬೂಬನಗರ ಇದೆ. ಬಳ್ಳಾರಿಯಿಂದ ಆಚೆ ದಾಟಿದರೆ ಅನಂತಪುರ, ರಾಯಚೂರಿಂದ ಕೃಷ್ಣಾ ದಾಟಿದರೆ ಮಹಬೂಬನಗರ. ಅದೇ ಕರಿ ನೆಲ, ಕೆಂಪು ನೆಲ, ಅದೇ ಬಿಸಿಲು. ಸಣ್ಣವರಿದ್ದಾಗ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಮುಂದೆ ಓದು, ಲೆಕ್ಕದಲ್ಲೂ ಹಿಂದೆ ಬಿದ್ದಿದ್ದು ಅಲ್ಲಿ ಕಂಡಿತು. ಕೆಲವು ಮಕ್ಕಳು ಆಮೇಲೆ ಸುಧಾರಿಸಿಕೊಂಡಿದ್ದೂ ಕಂಡಿತು.

ಬಿಸಿಲಿನ ಮಾತು ಬಂತಲ್ಲ. ತೀವ್ರತ್ ಗರ್ಗ್, ಮೌಲಿಕ್ ಜಗ್ನಾನಿ, ವಿಸ್ ತರಾಜ್ ಅನ್ನುವ ಅರ್ಥಶಾಸ್ತ್ರಜ್ಞರು 2020ರಲ್ಲಿ ಭಾರತದ ಮಕ್ಕಳ ಮಾರ್ಕ್ಸನ್ನೂ ಉಷ್ಣಾಂಶವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸುಡುವ ದಿನಗಳು ಜಾಸ್ತಿ ಆದರೆ ಮುಂದಿನ ವರ್ಷ ಗಣಿತ, ಓದು ಎರಡರಲ್ಲೂ ಅಂಕ ಇಳಿಯುತ್ತೆ. ಸೆಕೆಯಲ್ಲಿ ತಲೆ ಓಡಲ್ಲ ಅಂತ ನಾನೂ ಅಂದುಕೊಂಡಿದ್ದೆ. ಅವರು ತೋರಿಸಿದ್ದು ಬೇರೆ ದಾರಿ. ಬೆಳೆ ಇರುವ ತಿಂಗಳಲ್ಲಿ ಬಿಸಿಲು ಹೊಡೆದರೆ ಇಳುವರಿ ಹೋಗುತ್ತೆ, ಮನೆಗೆ ದುಡ್ಡು ಬರಲ್ಲ, ಅದು ಮಗುವಿನ ಓದಿಗೆ ತಟ್ಟುತ್ತೆ. ಉದ್ಯೋಗ ಖಾತ್ರಿ ಬಂದ ಕಡೆ ಈ ಪೆಟ್ಟು ಕಡಿಮೆ ಆಗಿತ್ತು.

2013ರಲ್ಲಿ ಬಂದ ಇನ್ನೊಂದು ಅಧ್ಯಯನ ತಮಿಳುನಾಡಿನ 464 ಕಬ್ಬು ಬೆಳೆಗಾರರದು. ಅದೇ ರೈತ, ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ, ಕಟಾವಾಗಿ ದುಡ್ಡು ಬಂದ ಮೇಲೆ ಹೆಚ್ಚು ತೆಗೆದ. ಮನುಷ್ಯ ಅವನೇ, ತಲೆಯ ಮೇಲಿನ ಭಾರ ಮಾತ್ರ ಬೇರೆ. ಫೀಸು ಕೇಳಿದ ದಿನ ಗಣಿತದಲ್ಲಿ ತಪ್ಪು ಮಾಡುವ ಹುಡುಗ ನನ್ನ ಕ್ಲಾಸಲ್ಲೂ ಇದ್ದಾನೆ.

ಸರಿ, ಮಗು ಶಾಲೆ ಬಿಡೋ ಹಾಗಿದೆ ಅಂತ ಮೊದಲೇ ಗೊತ್ತಾಗಲು ಏನು ನೋಡಬೇಕು?

ಹಾಜರಿ. ಮೊದಲು ಹಾಜರಿ, ಆಮೇಲೆ ಉಳಿದದ್ದು.

ಶಿಕಾಗೋದಲ್ಲಿ ಎಲೈನ್ ಆಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ 2005ರಲ್ಲಿ ಒಂದು ಸರಳ ಗುರುತು ತೋರಿಸಿದರು. ಒಂಬತ್ತನೇ ತರಗತಿಯಲ್ಲಿ ಮಗು ಸಾಕಷ್ಟು ವಿಷಯ ಪಾಸಾಗಿದೆಯಾ, ಮುಖ್ಯ ವಿಷಯಗಳಲ್ಲಿ ಫೇಲ್ ಆಗಿದೆಯಾ, ಇಷ್ಟೇ. ಇದರಲ್ಲಿ ಸರಿದಾರಿಯಲ್ಲಿದ್ದ ಮಕ್ಕಳು ನಾಲ್ಕು ವರ್ಷದಲ್ಲಿ ಶಾಲೆ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಇತ್ತು. ಆ ವರ್ಷದ ಹಾಜರಿ ಹಳೇ ಟೆಸ್ಟ್ ಮಾರ್ಕ್ಸಿಗಿಂತ ಚೆನ್ನಾಗಿ ಮುಂದಿನದನ್ನು ಹೇಳುತ್ತಿತ್ತು.

ನನ್ನ ಹಾಜರಿ ಪುಸ್ತಕ ತೆಗೆದರೂ ಇದೇ ಕಾಣುತ್ತೆ. ಜೂನ್, ಜುಲೈ ತುಂಬಿರುತ್ತೆ. ಹತ್ತಿ ಬಿಡಿಸುವ ಕಾಲಕ್ಕೆ ಮೊದಲು ಸೋಮವಾರಗಳು ಖಾಲಿ ಆಗುತ್ತವೆ, ಆಮೇಲೆ ವಾರಕ್ಕೆ ಎರಡು ದಿನ. ಮೆಣಸಿನಕಾಯಿ ಶುರುವಾದರೆ ಹುಡುಗಿಯರ ಸಾಲಲ್ಲಿ ಗೈರು ಹಾಜರಿ ಒಂದರ ಕೆಳಗೊಂದು ಬೀಳುತ್ತೆ. ದೀಪಾವಳಿ ಆಗಿ ಮನೆಮಂದಿ ಗುಳೆ ಹೋದರೆ ಸಾಲು ಪೂರ್ತಿ ಗೈರು, ಯುಗಾದಿವರೆಗೆ. ಒಬ್ಬ ಹುಡುಗ ಮೂರು ತಿಂಗಳು ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ ಹೋದ ತಂದೆತಾಯಿ ಜೊತೆ ಇದ್ದು ಬಂದ. ಬಂದ ದಿನ ಪೆನ್ನು ಹಿಡಿದರೆ ಬೆರಳು ಮಡಚುತ್ತಿರಲಿಲ್ಲ, ಸಿಮೆಂಟು ತಿಂದು ತುದಿಗಳು ಬಿರಿದಿದ್ದವು. “ನಾ ಬರೀ ನೀರ್ ಹಾಕ್ತಿದ್ದೆ ರೀ ಸರ್” ಅಂದ. ಇವನ ಭವಿಷ್ಯ ಹೇಳೋಕೆ ಯಾವ ಟೆಸ್ಟ್ ಬೇಕು? ಊರಲ್ಲಿ ಅಜ್ಜಿ ಹತ್ತಿರ ಬಿಟ್ಟು ಹೋಗಿದ್ದರೆ, ಇಲ್ಲಾ ಗುಳೆ ಹೋದವರ ಮಕ್ಕಳ ಹಾಸ್ಟೆಲ್ಲಲ್ಲಿ ಸೀಟು ಸಿಕ್ಕಿದ್ದರೆ ಲೆಕ್ಕವೇ ಬೇರೆ ಆಗುತ್ತಿತ್ತು.

ಈಗ ಎಐ ಬಂದಿದೆ. ಕಂಪ್ಯೂಟರ್‌ಗೇ ಹೇಳಿದರೆ ಪಟ್ಟಿ ಮಾಡಿ ಕೊಡಲ್ವಾ?

ಕೊಡುತ್ತೆ. ಪಟ್ಟಿಯಲ್ಲಿ ಯಾರಿರುತ್ತಾರೆ ಅನ್ನೋದನ್ನು ಹಾಳೆ ಪೆನ್ಸಿಲ್ ತಗೊಂಡು ನೋಡೋಣ. ಇದು ಉದಾಹರಣೆಗೆ ಹಾಕಿದ ಲೆಕ್ಕ. ಶಾಲೆಯಲ್ಲಿ 200 ಮಕ್ಕಳು, ನಿಜವಾಗಿ ಶಾಲೆ ಬಿಡುವವರು 10. ಯಂತ್ರ ನೂರಕ್ಕೆ 80 ಸರಿ ಹೇಳುತ್ತೆ ಅನ್ನಿ. ಹತ್ತರಲ್ಲಿ 8 ಮಕ್ಕಳನ್ನು ಹಿಡಿಯಿತು, ಭೇಷ್. ಬಿಡದೆ ಇರುವ 190 ಮಕ್ಕಳಲ್ಲಿ ನೂರಕ್ಕೆ 20ರಂತೆ ತಪ್ಪು ಹೇಳಿದರೆ 38 ಮಕ್ಕಳ ಹೆಸರೂ ಬಂತು. ಒಟ್ಟು 46 ಹೆಸರು, ಅದರಲ್ಲಿ ನಿಜ 8. ಆರು ಹೆಸರಿಗೆ ಒಂದು ಸರಿ. ಈ 46 ಮನೆಗೆ ಹೋಗಿ ಮಾತಾಡಿಸಿ ಬಂದರೆ ಒಳ್ಳೆಯದು, ಯಾರಿಗೂ ನಷ್ಟ ಇಲ್ಲ. ಅದೇ ಪಟ್ಟಿ ಹಿಡಿದು ‘ಇವರಿಗೆ ವಿಶೇಷ ಕ್ಲಾಸ್ ದಂಡ’ ಅಂತ ಕೈಬಿಟ್ಟರೆ 38 ಮಕ್ಕಳಿಗೆ ಸುಮ್ನೆ ಅನ್ಯಾಯ.

ಇಂಗ್ಲೆಂಡಲ್ಲಿ ಇಂಥದ್ದು ಆಗಿಯೇ ಹೋಯಿತು. 2020ರಲ್ಲಿ ಕೊರೊನಾದಿಂದ ಪರೀಕ್ಷೆ ನಡೆಯಲಿಲ್ಲ. ಟೀಚರ್ ಕೊಟ್ಟ ಗ್ರೇಡನ್ನು ಒಂದು ಸೂತ್ರ ಹಾಕಿ ತಿದ್ದಿದರು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವೂ ಆ ಸೂತ್ರದಲ್ಲಿತ್ತು. ನೂರಕ್ಕೆ ಸುಮಾರು 39 ಗ್ರೇಡ್ ಕೆಳಗಿಳಿದವು. ಮಕ್ಕಳು ಬೀದಿಗೆ ಬಂದರು, ಆಗಸ್ಟ್ 17ಕ್ಕೆ ಸರ್ಕಾರ ಸೂತ್ರ ವಾಪಸ್ ತಗೊಂಡಿತು. ಎಸ್ಸೆಸ್ಸೆಲ್ಸಿ ಜಿಲ್ಲಾವಾರು ಪಟ್ಟಿ ಬಂದಾಗ ನಮ್ಮ ಭಾಗದ ಹೆಸರನ್ನು ಕೆಳಗಿನಿಂದ ಹುಡುಕುವ ಅಭ್ಯಾಸ ನಮಗಿದೆ. ಆ ಸೂತ್ರ ಇಲ್ಲಿ ಹಚ್ಚಿದ್ದರೆ? ಅಣ್ಣಂದಿರು ಫೇಲಾಗಿದ್ದಕ್ಕೆ ತಮ್ಮಂದಿರ ಮಾರ್ಕ್ಸ್ ಕಡಿಯೋದು ಅಂದರೆ ಅದೇ.

ಮಾಸ್ತರರಿಗೆ ಮಕ್ಕಳನ್ನು ನೋಡಿದ ಕೂಡಲೇ ಗೊತ್ತಾಗಲ್ವಾ?

ಗೊತ್ತಾಗುತ್ತೆ ಅಂತ ನಾನೂ ನಂಬಿದ್ದೆ. ಒಂದು ವರ್ಷ ಪಂದ್ಯ ಕಟ್ಟಿದೆ, ನನ್ನ ಜೊತೆಗೇ. ಜೂನಲ್ಲಿ ಹತ್ತನೇ ಕ್ಲಾಸಿನ 42 ಮಕ್ಕಳ ಹೆಸರ ಮುಂದೆ ಪಾಸು, ಫೇಲು ಅಂತ ಡೈರಿ ಹಿಂಭಾಗದಲ್ಲಿ ಬರೆದಿಟ್ಟೆ. ಪಕ್ಕದ ಪುಟದಲ್ಲಿ ಒಂದು ದಡ್ಡ ನಿಯಮ. ಒಂಬತ್ತನೇ ಕ್ಲಾಸಲ್ಲಿ ಗಣಿತ ಪಾಸಾಗಿ, ಹಾಜರಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇದ್ದರೆ ಪಾಸು, ಇಲ್ಲದಿದ್ದರೆ ಫೇಲು. ಫಲಿತಾಂಶ ಬಂದಾಗ ನನ್ನದು 31 ಸರಿ, ದಡ್ಡ ನಿಯಮದ್ದು 34. ನಾನು ತಪ್ಪಿದ್ದೆಲ್ಲ ಎಲ್ಲಿ ಅಂತೀರಿ? ಚೆನ್ನಾಗಿ ಮಾತಾಡುವ ಹುಡುಗರನ್ನು ಪಾಸು ಅಂದಿದ್ದೆ. ಹಿಂದಿನ ಬೆಂಚಲ್ಲಿ ಬಾಯಿ ಬಿಡದೆ ಕೂರುವ ಮೂವರು ಹುಡುಗಿಯರನ್ನು ಫೇಲು ಅಂದಿದ್ದೆ. ಆ ಮೂವರೂ ಪಾಸು.

ಪಾಲ್ ಮೀಲ್ ಅನ್ನುವ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದನ್ನು ಹೇಳಿದ್ದರು. ಪರಿಣಿತರ ಅಂದಾಜು, ಸರಳ ಸೂತ್ರ ಎರಡನ್ನೂ ಹೋಲಿಸಿದರೆ ಸೂತ್ರ ಸರಿಸಮ ಇರುತ್ತೆ, ಇಲ್ಲಾ ಮುಂದಿರುತ್ತೆ. ನಾವು ಮಾಸ್ತರರು ಈ ಮಾತನ್ನು ಒಪ್ಪೋದು ಕಷ್ಟ.

ಯುನಿಟ್ ಟೆಸ್ಟಲ್ಲಿ 92 ತೆಗೆದ ಮಗಳು ಮುಂದಿನದರಲ್ಲಿ 74. ಏನಾಯ್ತು ಅವಳಿಗೆ?

ಬಹುಶಃ ಏನೂ ಆಗಿಲ್ಲ. 92ರಲ್ಲಿ ಓದೂ ಇತ್ತು, ಓದಿದ್ದೇ ಬಂದ ಅದೃಷ್ಟವೂ ಇತ್ತು. ಅದೃಷ್ಟ ಎರಡನೇ ಸಲ ಬರಲಿಲ್ಲ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಎತ್ತರದ ತಂದೆತಾಯಿಯ ಮಕ್ಕಳ ಎತ್ತರ ಅಳೆದು ಇದನ್ನೇ ಕಂಡರು. ಬಹಳ ಮೇಲೆ ಹೋದದ್ದು ಸರಾಸರಿ ಕಡೆ ಸ್ವಲ್ಪ ಇಳಿಯುತ್ತೆ, ಬಹಳ ಕೆಳಗಿದ್ದದ್ದು ಏರುತ್ತೆ. ಕಡಿಮೆ ತೆಗೆದಾಗ ಬೈದರೆ ಮುಂದಿನ ಸಲ ಜಾಸ್ತಿ ಬರುತ್ತಲ್ಲ, ಅದೂ ಬೈಗುಳದ ಮಹಿಮೆ ಅಲ್ಲ. ಐದಾರು ಟೆಸ್ಟ್ ಒಟ್ಟಿಗೆ ಇಟ್ಟು ನೋಡಿ.

ಹೇಳೋಕೆ ಆಗಲ್ಲ ಅಂದ್ರಿ. ಬದಲಾಯಿಸೋಕೆ ಆಗುತ್ತಾ?

ಆಗುತ್ತೆ. ನನಗೆ ಬಹಳ ಇಷ್ಟವಾದ ಅಧ್ಯಯನ ಜಮೈಕಾದ್ದು. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಆರಿಸಿದರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಒಂದು ಗಂಟೆ ಹೋಗಿ, ತಾಯಿ ಜೊತೆ ಕೂತು, ಮನೆಯಲ್ಲೇ ಮಾಡಿದ ಆಟಿಕೆ ಇಟ್ಟುಕೊಂಡು ಕೂಸನ್ನು ಹೇಗೆ ಆಡಿಸೋದು, ಮಾತಾಡಿಸೋದು ಅಂತ ತೋರಿಸಿದರು. ಎರಡು ವರ್ಷ, ಅಷ್ಟೇ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಆ ಮಕ್ಕಳ ದುಡಿಮೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಜಾಸ್ತಿ.

ನಮ್ಮ ಅಂಗನವಾಡಿ ಅಕ್ಕ, ಆಶಾ ಅಕ್ಕ ಮಾಡಬಹುದಾದ ಕೆಲಸವೇ ಅದು, ಅವರ ತಲೆ ಮೇಲೆ ಇಷ್ಟು ರಿಜಿಸ್ಟರ್ ಹೇರದಿದ್ದರೆ. ಬಿಸಿಯೂಟದ ಮೊಟ್ಟೆಯೂ ಈ ಸಾಲಿನದೇ. 2021ರ ಡಿಸೆಂಬರಲ್ಲಿ ಅದು ಶುರುವಾಗಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರದಲ್ಲಿ. ಮೊಟ್ಟೆ ದಿನ ನನ್ನ ಹಾಜರಿ ಪುಸ್ತಕ ನೋಡಲು ಚೆಂದ.

ನನ್ನ ಮಗನ ಬೆರಳಚ್ಚು ರಿಪೋರ್ಟ್ ಈಗಾಗಲೇ ಇದೆ. ನಿಮಗೆ ಕಳಿಸಲಾ?

ಬೇಡ್ರಿ. ಯಾರಿಗೂ ಕಳಿಸಬೇಡಿ, ಮಗುವಿನ ಬೆರಳಚ್ಚು ಊರೆಲ್ಲ ಓಡಾಡೋದು ಒಳ್ಳೆಯದಲ್ಲ. ನಿಮ್ಮ ಶಾಲೆಯ ಮಾಸ್ತರರ ಹತ್ತಿರ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ. ಹಿಂದಿನ ಮೂರು ವರ್ಷದ ಅಂಕಪಟ್ಟಿ ಒಯ್ಯಿರಿ, ಹಾಜರಿ ಪುಸ್ತಕ ಅವರ ಹತ್ತಿರವೇ ಇರುತ್ತೆ. ಹುಡುಗನನ್ನೂ ಕರೆದುಕೊಂಡು ಹೋಗಿ, ಅವನನ್ನೂ ಎರಡು ಮಾತು ಕೇಳಿ.